ಗ್ಯಾಸ್ ತುಂಬಿಸಿದ ಬೇಸಿಗೆ

ಕಳೆದ ವಾರ ದಾದರಿನಿಂದ ಮನೆಗೆ ಬರಲು ಟ್ಯಾಕ್ಸಿ ಹತ್ತಿದೆ. ಏಸಿ ಹಾಕು ಎಂದರೆ ಚಾಲಕ ಒಲ್ಲದ ಮನಸ್ಸಿನಿಂದ ಗುಂಡಿ ತಿರುಗಿಸಿದ. ಮೊದಲು ಬಂದದ್ದು ಗಾಳಿಯಲ್ಲ, ವಾಸನೆ. ಒದ್ದೆ ಗೋಣಿಚೀಲವನ್ನು ಟ್ರಂಕಿನಲ್ಲಿ ಹಾಕಿಟ್ಟು ಮಳೆಗಾಲ ಕಳೆದ ಮೇಲೆ ತೆರೆದರೆ ಬರುವಂಥ ವಾಸನೆ. ಅದರ ಬೆನ್ನಿಗೇ ಬಾನೆಟ್ಟಿನ ಅಡಿಯಿಂದ ಟಕ್ ಎಂಬ ಸದ್ದು, ತುಸು ಹೊತ್ತಿಗೆ ಮತ್ತೊಂದು ಟಕ್. ಚಾಲಕ ಹಿಂತಿರುಗಿಯೂ ನೋಡದೆ, "ಗ್ಯಾಸ್ ಕಮ್ ಹೈ ಸಾಬ್, ಕಲ್ ಭರ್ವಾ ದೂಂಗಾ" ಎಂದ; ಗ್ಯಾಸ್ ಕಡಿಮೆಯಿದೆ, ನಾಳೆ ತುಂಬಿಸುತ್ತಾನಂತೆ. ನನಗೆ ಅವನ ಮೇಲೆ ಸಿಟ್ಟೇನೂ ಬರಲಿಲ್ಲ. ಮೂರ್ಖತನದ ಶಾಲೆಯಲ್ಲಿ ಅವನಿನ್ನೂ ಬಾಲವಾಡಿಯಲ್ಲಿದ್ದ. ನಾನು ಅದೇ ವಿಷಯದಲ್ಲಿ ಡಾಕ್ಟರೇಟ್ ಮುಗಿಸಿದವನು. ಒಂದು ಇಡೀ ಬೇಸಿಗೆ ನಾನು ಆ ಒಂದೇ ವಾಕ್ಯವನ್ನು ನಂಬಿ ಬದುಕಿದ್ದೆ.

ಆ ವರ್ಷ ನಾನು ಕನ್ಸಲ್ಟೆಂಟ್ ಆಗಿದ್ದೆ. ಐವತ್ತು ದಾಟಿದ ಗಂಡಸು ತಾನು ಕನ್ಸಲ್ಟೆಂಟ್ ಎಂದು ಹೇಳಿಕೊಂಡರೆ, ಅವನನ್ನು ಯಾರೂ ಏನೂ ಕೇಳುತ್ತಿಲ್ಲ ಎಂದು ಅರ್ಥ. ಬಂದರಿನಿಂದ ಸರಕು ಬಿಡಿಸಿಕೊಡುವ ಕಂಪನಿಯೊಂದರಲ್ಲಿ ಅರ್ಧ ಆಯುಷ್ಯ ಕಳೆದಿದ್ದೆ. ಅದು ಬಾಗಿಲು ಹಾಕಿತು. ವಡಾಲದ ಮನೆಯಲ್ಲಿ ಕೂತು ಚಿಂತೆ ಮಾಡುವುದೇ ನನ್ನ ಪೂರ್ಣಾವಧಿ ಕೆಲಸವಾಯಿತು. ಅದರಲ್ಲಿ ನನಗೆ ಹುಟ್ಟಾ ಪ್ರತಿಭೆಯಿದೆ. ಲಿಫ್ಟು ಸದ್ದು ಮಾಡಿದರೆ ಹಗ್ಗ ಸವೆದಿದೆ ಎಂದುಕೊಳ್ಳುವವನು ನಾನು, ಮಾಡದಿದ್ದರೆ ಮೋಟಾರೇ ಸತ್ತಿದೆ ಎಂದುಕೊಳ್ಳುವವನು. ಉಳಿದ ವೇಳೆಯಲ್ಲಿ ನಾನು ನನ್ನ ಹೆಂಡತಿ ಸುಮಂಗಲೆಯ ಡ್ರೈವರ್.

ಸುಮಂಗಲೆ ಧಾರವಾಡದವಳು. ಮನೆ ಸಾಲ ಕೊಡುವ ಕಂಪನಿಯೊಂದರ ಮಲಾಡ್ ಆಫೀಸಿನಲ್ಲಿ, ಸಾಲ ಕೇಳಿ ಬಂದವರು ಹೇಳುವುದರಲ್ಲಿ ಎಷ್ಟು ಸುಳ್ಳು ಎಂದು ತೂಗಿ ನೋಡುವ ವಿಭಾಗಕ್ಕೆ ಮುಖ್ಯಸ್ಥೆ. ಆ ಕೆಲಸಕ್ಕೆ ಅವಳಿಗಿಂತ ಯೋಗ್ಯರು ಸಿಗಲಾರರು ಎಂಬುದಕ್ಕೆ ನಾನೇ ಸಾಕ್ಷಿ. ಅದರ ಹಿಂದಿನ ವರ್ಷ ಅವಳಿಗೆ ನರದ ಕಾಯಿಲೆಯೊಂದು ಹಿಡಿದಿತ್ತು. ಡಾಕ್ಟರು ತಿಳಿಸಿ ಹೇಳಿದ್ದು ಇಷ್ಟು: ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹರಿದಿದೆ, ಮೈ ತಣ್ಣಗಿದ್ದರೆ ಮಿದುಳಿನ ಮಾತು ಕಾಲಿಗೆ ಮುಟ್ಟುತ್ತದೆ, ಮೈ ಕಾದರೆ ಮುಟ್ಟುವುದಿಲ್ಲ. ಬಿಸಿಲಲ್ಲಿ ನಿಂತರೆ ಅವಳ ಕಾಲು ಬೇರೆ ಯಾರದೋ ಕಾಲಾಗಿಬಿಡುತ್ತಿತ್ತು. ತಂಪಿನಲ್ಲಿ ಕೂತರೆ ಮರಳಿ ಅವಳದೇ. ಹೀಗಾಗಿ ಲೋಕಲ್ ಟ್ರೇನು ಅವಳ ಪಾಲಿಗೆ ಮುಗಿದಿತ್ತು. ಉಳಿದದ್ದು ನಾನು ಮತ್ತು ನಮ್ಮ ದಶಕ ದಾಟಿದ ಕಾರು. ಇಬ್ಬರೂ ಒಂದೇ ಸ್ಥಿತಿಯಲ್ಲಿದ್ದೆವು. ಹೊರಗಿನ ಬಣ್ಣ ಮಾತ್ರ ಪರವಾಗಿಲ್ಲ ಎನ್ನುವ ಹಾಗೆ.

ಈ ನಗರದಲ್ಲಿ ಕಾರು ಇಟ್ಟುಕೊಂಡವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ನಿಲ್ಲಿಸಲು ಜಾಗವಿಲ್ಲ, ಓಡಿಸಲು ರಸ್ತೆಯಿಲ್ಲ, ಆದರೂ ಭಾನುವಾರ ಬೆಳಿಗ್ಗೆ ಬರ್ಮುಡಾ ಹಾಕಿಕೊಂಡು ಕೆಳಗಿಳಿದು ಅದರ ಬೆನ್ನು ತಿಕ್ಕುತ್ತಾರೆ, ಎಮ್ಮೆಗೆ ಸ್ನಾನ ಮಾಡಿಸಿದಂತೆ. ಆ ಬೇಸಿಗೆ ನಾನೂ ಅವರಲ್ಲೊಬ್ಬನಾಗಿ ಕೈಯಲ್ಲಿ ಬಟ್ಟೆ ಹಿಡಿದು ನಿಂತಿರುತ್ತಿದ್ದೆ. ನನ್ನ ಬರ್ಮುಡಾ ಎಲ್ಲರಿಗಿಂತ ಕೆಟ್ಟದಾಗಿತ್ತು.

ಮಾರ್ಚ್ ಕಳೆಯುತ್ತಿದ್ದಾಗ, ಕಲಾನಗರದ ಸಿಗ್ನಲ್ಲಿನಲ್ಲಿ ನಿಂತ ಹೊತ್ತಿಗೆ, ಮೊದಲ ಸಲ ಏಸಿ ಬಿಸಿಗಾಳಿ ಉಗುಳಿತು. ಗಾಡಿ ಹೈವೇಗೆ ಹತ್ತಿದ ಮೇಲೆ ಮತ್ತೆ ತಣ್ಣಗಾಯಿತು. ಅಂಧೇರಿಯ ಜಾಮಿನಲ್ಲಿ ಮತ್ತೆ ಬಿಸಿ. ನಾನು ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಮುಳುಗಿದೆ. ಪೋಲೆಂಡಿನ ಒಬ್ಬ, ಟೆಕ್ಸಾಸಿನ ಒಬ್ಬ, ಲುಧಿಯಾನದ ಒಬ್ಬ, ಮೂವರೂ ವಿಡಿಯೋದಲ್ಲಿ ಬಾನೆಟ್ಟು ಎತ್ತಿ ತೋರಿಸಿದರು. ಅವರು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಕಡಿಮೆ ಭಯ ಹುಟ್ಟಿಸಿದ ಕಾರಣ ಯಾವುದೋ ಅದನ್ನೇ ಆರಿಸಿಕೊಂಡೆ: ಗ್ಯಾಸ್ ಸೋರಿದೆ. ಚಿಂತೆ ಮಾಡುವವರು ಸತ್ಯವನ್ನು ಹುಡುಕುತ್ತಾರೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ನಾವು ಹುಡುಕುವುದು ನಿದ್ದೆಯನ್ನು.

ಕಾರು ಕಂಪನಿಯ ಸರ್ವಿಸ್ ಸೆಂಟರಿಗೂ ಹೋಗಿದ್ದೆ. ಅಲ್ಲಿ ಗಾಜಿನ ಕೋಣೆ, ಪುಕ್ಕಟೆ ಕಾಫಿ, ಕುತ್ತಿಗೆಗೆ ಪಟ್ಟಿ ಹಾಕಿಕೊಂಡ ಮನುಷ್ಯ. ಅವನು ಬಾನೆಟ್ಟು ತೆರೆಯದೆ, ಕಾರನ್ನು ಒಮ್ಮೆ ಸುತ್ತಿ, ಏನೇನು ಬದಲಿಸಬೇಕು ಎಂದು ಓದಿ ಹೇಳಿದ. ಅದರಲ್ಲಿ ಕಂಪ್ರೆಸರ್ ಎಂಬ ಶಬ್ದವೂ ಇತ್ತು. ಆದರೆ ಸೀಟ್ ಕವರ್ ಎಂಬ ಶಬ್ದವೂ ಇತ್ತು, ಸುಗಂಧದ ಬಾಟಲಿಯೂ ಇತ್ತು. ಆರು ಸುಳ್ಳಿನ ನಡುವೆ ಒಂದು ನಿಜ ಕೂತಿದ್ದರೆ ಅದೂ ಸುಳ್ಳಿನ ಬಟ್ಟೆಯನ್ನೇ ತೊಟ್ಟಿರುತ್ತದೆ. ನಾನು ಕಾಫಿ ಕುಡಿದು ಓಡಿ ಬಂದೆ.

ಆಗ ನಮ್ಮ ಸೊಸೈಟಿಯ ಸೆಕ್ರೆಟರಿ ಪಾಟೀಲರು ದಾರಿ ತೋರಿಸಿದರು. ಪಾಟೀಲರೂ ನನ್ನಂತೆ ಬೆಳಗಾವಿ ಕಡೆಯವರು. ಬೈಕುಲ್ಲಾದಲ್ಲಿ ರಸೂಲ್ ಭಾಯಿ ಎಂಬವನಿದ್ದಾನೆ, ಕಾರಿನ ಏಸಿ ಬಿಟ್ಟರೆ ಬೇರೆ ಕೆಲಸ ಮುಟ್ಟುವುದಿಲ್ಲ, ವಿಜಯಪುರದವನು, ಕನ್ನಡ ಮಾತಾಡುತ್ತಾನೆ ಎಂದರು. "ನಮ್ಮವಾ ಅದಾನ್ರಿ" ಎಂದು ಕೊನೆಗೆ ಸೇರಿಸಿದರು. ಅದಾದ ಮೇಲೆ ಯಾವ ಗ್ಯಾರಂಟಿಯೂ ಬೇಕಾಗುವುದಿಲ್ಲ. ಬೆಳಗಾವಿಯಿಂದ ವಿಜಯಪುರಕ್ಕೆ ಒಂದು ಹಗಲಿನ ದಾರಿ. ಆ ಸೀಮೆಯಲ್ಲಿದ್ದಾಗ ಒಬ್ಬರ ಮಾತನ್ನು ಇನ್ನೊಬ್ಬರು ಆಡಿಕೊಂಡು ನಗುವವರೇ. ಮುಂಬಯಿಗೆ ಬಂದೊಡನೆ ಆ ದಾರಿಯೆಲ್ಲ ಮಡಚಿಹೋಗಿ ಎರಡೂ ಊರು ಎದುರುಬದುರು ಮನೆಗಳಾಗುತ್ತವೆ. ಇಲ್ಲಿಯ ನಮ್ಮ ಜನ ಹಲ್ಲು ಕೀಳಿಸಿಕೊಳ್ಳಲೂ ನಮ್ಮವನನ್ನೇ ಹುಡುಕುತ್ತಾರೆ. ಬೇಕಾದ ಹಲ್ಲು ಹೋದರೂ ಚಿಂತೆಯಿಲ್ಲ, ಕಿತ್ತವನು ನಮ್ಮವನಿರಬೇಕು.

ರಸೂಲ್ ಭಾಯಿಯ ವರ್ಕ್‌ಶಾಪು ಹಳೆಯ ಗಿರಣಿಯ ಗೋಡೆಗೆ ಆನಿಸಿದ ಒಂದು ತಗಡಿನ ಚಾವಣಿ. ಅವನು ಎತ್ತರದ ಆಳು, ಬಿಳಿ ಶರಟು, ಮೀಸೆಗೆ ಬಣ್ಣ. ಕೈಕೆಳಗಿನ ಇಬ್ಬರು ಎಣ್ಣೆಯಲ್ಲಿ ಮುಳುಗಿ ದುಡಿಯುತ್ತಿದ್ದರೆ ಅವನು ಕುರ್ಚಿಯಲ್ಲಿ ಕೂತು ಬೆರಳು ತೋರಿಸುತ್ತಿದ್ದ. ನಾನು ಹೋದಾಗ ಯಾರೋ ಗುಜರಾತಿ ಗಿರಾಕಿಗೆ ಹಿಂದಿಯಲ್ಲಿ ಗದರಿಸುತ್ತಿದ್ದ. ನಾನು ಕನ್ನಡದಲ್ಲಿ ನಮಸ್ಕಾರ ಎಂದೆ. ಅವನ ಮುಖ ಬೆಣ್ಣೆಯಂತೆ ಕರಗಿತು. ಯಾವ ಊರು, ಯಾವ ಓಣಿ, ಅಪ್ಪಾಜಿ ಏನು ಮಾಡುತ್ತಿದ್ದರು, ಎಲ್ಲ ಕೇಳಿದ. ಚಹಾ ತರಿಸಿದ. ಮುಂಬಯಿಯ ಜೋಳದ ಹಿಟ್ಟಿಗೆ ಜಿಗುಟೇ ಇಲ್ಲ ಎಂಬ ವಿಷಯದಲ್ಲಿ ನಾವಿಬ್ಬರೂ ಏಕಾಭಿಪ್ರಾಯಕ್ಕೆ ಬಂದೆವು. ಆಮೇಲೆ ನಾನು, ಮೂರು ದೇಶಗಳ ವಿದ್ವತ್ತನ್ನು ಒಂದು ವಾಕ್ಯಕ್ಕೆ ಇಳಿಸಿ, ಗ್ಯಾಸ್ ಸೋರಿದೆ, ಗ್ಯಾಸ್ ಹಾಕಬೇಕು ಎಂದು ತೀರ್ಪು ಕೊಟ್ಟೆ.

ಅವನು ನೀಲಿ ಮತ್ತು ಕೆಂಪು ಮುಖದ ಎರಡು ಮೀಟರು ತರಿಸಿ ಪೈಪಿಗೆ ಜೋಡಿಸಿದ. ಇಂಜಿನ್ ಶುರು ಮಾಡಿಸಿ ಮುಳ್ಳುಗಳನ್ನು ನೋಡಿದ. ಬಗ್ಗಿ ಬೆಲ್ಟಿನ ಹತ್ತಿರ ಕಿವಿಯಿಟ್ಟ. ಕೆಳಗೆ ಕೈ ಹಾಕಿ ಬೆರಳಿಗೆ ಹತ್ತಿದ ಎಣ್ಣೆಯನ್ನು ಉಜ್ಜಿ ನೋಡಿದ. ನಂತರ ನನ್ನ ಮುಖ ನೋಡಿದ. ಮತ್ತೊಮ್ಮೆ ಮುಳ್ಳು, ಮತ್ತೊಮ್ಮೆ ನನ್ನ ಮುಖ.

"ಹೌದ್ರಿ ಸಾಹೇಬ್ರ," ಎಂದ. "ನೀವು ಹೇಳಿದ್ದು ಬರೋಬ್ಬರಿ ಐತಿ. ಗ್ಯಾಸ್ ಹಾಕೂಣು."

ಜೀವನದಲ್ಲಿ ಯಾವ ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಗ್ಯಾಸ್ ಹಾಕಿದ ಕೆಲವು ದಿನ ಕಾರು ಹಿಮಾಲಯ. ಆಮೇಲೆ ಮಾಥೇರಾನ್. ಆಮೇಲೆ ಮತ್ತೆ ಮುಂಬಯಿ. ಆಗ ನಾನು ಮತ್ತೆ ಬೈಕುಲ್ಲಾಕ್ಕೆ ಹೋಗುವುದು, ಗ್ಯಾಸ್ ಎನ್ನುವುದು, ಅವನು ಬರೋಬ್ಬರಿ ಎನ್ನುವುದು, ಚಹಾ. ಏಪ್ರಿಲ್ ಪೂರ್ತಿ ಹೀಗೆಯೇ ಹೋಯಿತು. ಕಾರು ಬಿಸಿಯಾದಷ್ಟೂ ನಮ್ಮ ಸ್ನೇಹ ಹಬ್ಬಿತು. ಅವನ ಮನೆಯಿಂದ ನನಗೆ ಚಟ್ನಿಪುಡಿ, ನಮ್ಮ ಕಡೆಯ ಅಗಸಿ ಹಿಂಡಿ, ಬಂತು. ನಮ್ಮ ಮನೆಯಿಂದ ಅವನಿಗೆ ಮಾವಿನಕಾಯಿ ಉಪ್ಪಿನಕಾಯಿ ಹೋಯಿತು. ಪೈಪಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಅವನ ಮೇಲೆ ಅನುಮಾನಪಟ್ಟಂತೆ. ಅವನು ಹೇಳಲೂ ಇಲ್ಲ.

ಸುಮಂಗಲೆ ಪಕ್ಕದ ಸೀಟಿನಲ್ಲಿ ಕೂತು ಎಲ್ಲ ಗಮನಿಸುತ್ತಿದ್ದಳು. ನಾನು ಹಿಂದಿನ ಚಕ್ರದ ಸದ್ದು, ಗೇರಿನ ಸದ್ದು, ದೂರದ ಕಾರಿನ ಸದ್ದು ಎಲ್ಲವನ್ನೂ ನಮ್ಮದೇ ಎಂದು ಹೆದರುತ್ತಿದ್ದ ಕಾರಣ ನಿಜವಾದ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಅವಳಿಗೆ ಕೇಳಿಸುತ್ತಿತ್ತು. ಏಸಿ ಹಾಕಿದಾಗ ಮಾತ್ರ ಒಳಗೆ ಏನೋ ಮರಳು ಬೀಸಿದ ಹಾಗೆ ಗರಗರ ಎನ್ನುತ್ತದೆ, ಆರಿಸಿದರೆ ನಿಲ್ಲುತ್ತದೆ ಎಂದಳು. ಇನ್ನೊಂದು ದಿನ ಕೇಳಿದಳು, "ಓಡೂವಾಗ ತಣ್ಣಗ, ನಿಂತಾಗ ಬಿಸಿ. ಬರೇ ಗ್ಯಾಸ್ ಕಮ್ಮಿ ಇದ್ರ ಎರಡೂ ಕಡೆ ಕಮ್ಮಿ ಇರಬೇಕಲ್ಲ?" ನಾನು ಅದು ಹಾಗಲ್ಲ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ, ನನ್ನ 'ಅದು ಹಾಗಲ್ಲ'ದ ಹಿಂದೆ ಏನೂ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳ ಚಿಂತೆ ಬೇರೆ ಇತ್ತು. ಅವಳ ಮ್ಯಾನೇಜರ್ ಒಳ್ಳೆಯವನು. ಇಂಥ ಒಳ್ಳೆಯವರನ್ನು ನೋಡಿದರೆ ನನಗೆ ಮೈ ಪರಚಿಕೊಳ್ಳಬೇಕೆನಿಸುತ್ತದೆ. ಹಿಂದಿನ ಬೇಸಿಗೆಯಲ್ಲಿ ಅವಳು ಹಲವು ಬೆಳಗು ತಡವಾಗಿ ಹೋಗಿದ್ದಳು. ದೊಡ್ಡ ಸಾಲದ ಕಡತಗಳ ಸಭೆ ಬೆಳಿಗ್ಗೆ ಒಂಬತ್ತೂವರೆಗೇ. ಅವನು ಬೈಯಲಿಲ್ಲ. ಮೇಜಿಗೆ ಪುಟ್ಟ ಫ್ಯಾನ್ ಇಡಿಸಿದ. ಆ ವರ್ಷ ರೋಹಿಣಿ ಎಂಬ ಚುರುಕಿನ ಹೆಂಗಸನ್ನು ತಂದು ಅವಳ ಪಕ್ಕದಲ್ಲಿ ಕೂರಿಸಿ, ಮೇಡಂಗೆ ಸಹಾಯಕ್ಕೆ ಎಂದ. ಸಹಾಯಕಿ ಮೊದಲು ಸಭೆಗೆ ಹೋದಳು, ಆಮೇಲೆ ಸಹಿ ಹಾಕತೊಡಗಿದಳು. ಸುಮಂಗಲೆಯ ಕುರ್ಚಿಯನ್ನು ಯಾರೂ ಎಳೆಯುತ್ತಿರಲಿಲ್ಲ. ಅದು ತಾನಾಗಿಯೇ ಇಷ್ಟಿಷ್ಟೇ ಜಾರುತ್ತಿತ್ತು. ಆ ಬೇಸಿಗೆಯೂ ಅವಳು ಬೆಳಿಗ್ಗೆ ತನ್ನ ಕಾಲಿನ ಮೇಲೆ ನಡೆದು ಹೋಗದಿದ್ದರೆ ಆ ಕುರ್ಚಿ ಅವಳದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮನೆಯಲ್ಲಿ ಆ ಮಾತನ್ನು ನಾವು ಆಡುತ್ತಿರಲಿಲ್ಲ. ಗ್ಯಾಸಿನ ಮಾತು ಆಡುತ್ತಿದ್ದೆವು.

ಮೇ ತಿಂಗಳ ಒಂದು ಬೆಳಿಗ್ಗೆ ಅಂಧೇರಿಯ ಫ್ಲೈಓವರ್ ಮೇಲೆ ಟ್ರಕ್ಕೊಂದು ಅಡ್ಡ ನಿಂತಿತ್ತು. ನಾವು ಅದರ ಹಿಂದೆ, ನಮ್ಮ ಹಿಂದೆ ಇಡೀ ಮುಂಬಯಿ. ಏಸಿಯಿಂದ ಬರುತ್ತಿದ್ದ ಗಾಳಿ ತಂದೂರಿ ಒಲೆಯ ಬಾಯಿಂದ ಬಂದಂತಿತ್ತು. ಕಿಟಕಿ ಇಳಿಸಿದರೆ ಹೊರಗಿನದು ಅದಕ್ಕಿಂತ ಬಿಸಿ, ಜೊತೆಗೆ ಹೊಗೆ. ಸುಮಂಗಲೆ ಬಾಟಲಿಯ ನೀರನ್ನು ಕರ್ಚೀಫಿಗೆ ಸುರಿದು ಕುತ್ತಿಗೆಗೆ ಒತ್ತಿಕೊಂಡಳು. ಆಫೀಸಿನ ಗೇಟಿಗೆ ಬಂದು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಳು. ಎರಡನೆಯದು ಬರಲಿಲ್ಲ. ಅವಳು ಅದನ್ನು ಕೈಯಿಂದ ಎತ್ತಿ ಇಟ್ಟಳು. ಏಳಲು ಆಗಲಿಲ್ಲ.

ವಾಚ್‌ಮನ್ ಓಡಿಹೋಗಿ ಚಕ್ರದ ಕುರ್ಚಿ ತಂದ. ಆಸ್ಪತ್ರೆಯದಲ್ಲ, ಮೇಜಿನ ಮುಂದೆ ಹಾಕುವ, ಗಿರಿಗಿರಿ ತಿರುಗುವ ಆಫೀಸು ಕುರ್ಚಿ. ಅದರಲ್ಲಿ ಅವಳನ್ನು ಕೂರಿಸಿ ನಾನೂ ಅವನೂ ಲಾಬಿಯ ನುಣುಪು ನೆಲದ ಮೇಲೆ ನೂಕಿಕೊಂಡು ಹೋದೆವು. ಕುರ್ಚಿ ನೇರ ಹೋಗದೆ ತಿರುಗುತ್ತಿತ್ತು. ಲಿಫ್ಟಿಗೆ ಕಾಯುತ್ತಿದ್ದವರು ದಾರಿ ಬಿಟ್ಟು ಫೋನು ನೋಡಿಕೊಂಡರು. ಮ್ಯಾನೇಜರ್ ತಾನೇ ಕೆಳಗಿಳಿದು ಬಂದು ಅವಳ ಬ್ಯಾಗು ಹೊತ್ತುಕೊಂಡ. ಮೇಲೆ ಕರೆದೊಯ್ದು ಗ್ಲೂಕೋಸ್ ನೀರು ಕುಡಿಸಿದ. ಜೂನ್ ಒಂದರಿಂದ ಮನೆಯಲ್ಲೇ ಕೂತು ಕೆಲಸ ಮಾಡಿ ಮೇಡಂ, ಕಂಪ್ಯೂಟರ್ ಕಳಿಸಿಕೊಡುತ್ತೇನೆ, ಈ ಓಡಾಟದ ತೊಂದರೆ ಯಾಕೆ, ಇಲ್ಲಿಯದನ್ನು ರೋಹಿಣಿ ನೋಡಿಕೊಳ್ಳುತ್ತಾಳೆ ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತಂತೆ.

ಸಂಜೆ ಮನೆಯಲ್ಲಿ ಸುಮಂಗಲೆ ಒದ್ದೆ ಟವೆಲ್ಲು ಸುತ್ತಿಕೊಂಡು ಕೂತಳು.

"ಅವಾ ಬೈದಿದ್ರ ನಾನೂ ಬೈದು ಬರತಿದ್ದೆ," ಎಂದಳು. "ಅವಾ ನೀರು ಕುಡಿಸಿದಾ."

ನಾನು ನಾಳೆಯೇ ಹೋಗಿ ಗ್ಯಾಸ್ ಹಾಕಿಸಿಕೊಂಡು ಬರುತ್ತೇನೆ ಎಂದೆ. ಅವಳು ನನ್ನ ಕಡೆ ತಿರುಗಿದಳು. ಸುಳ್ಳು ಸಂಬಳದ ಚೀಟಿ ತಂದವರನ್ನು ನೋಡುವುದು ಹೀಗೆಯೇ ಇರಬೇಕು. ನಾಳೆ ರಜೆ ಹಾಕಿದ್ದೇನೆ, ನಿನ್ನ ರಸೂಲನನ್ನು ನಾನೂ ನೋಡಬೇಕು ಎಂದಳು.

ಮರುದಿನ, ಶನಿವಾರ, ಅವಳು ಐಸಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬೈಕುಲ್ಲಾಕ್ಕೆ ಬಂದಳು. ನಾನು ಕಾರನ್ನು ಗಿರಣಿ ಗೋಡೆಯ ನೆರಳಿಗೆ ನಿಲ್ಲಿಸಿ ಇಳಿದೆ. ರಸೂಲ್ ಭಾಯಿ ಎದ್ದು ಬಂದು ಅತ್ತಿಗೆ ಬಂದಷ್ಟೇ ಸಡಗರದಿಂದ ವೈನಿ ಬಂದಾರ ಎಂದು ಹಿಗ್ಗಿದ, ಕಾರಿನೊಳಕ್ಕೆ ಬಗ್ಗಿ ಸಲಾಮು ಹೇಳಿದ, ಚಹಾ ಹೇಳಿದ. ಉಪ್ಪಿನಕಾಯಿಯನ್ನು ಹೊಗಳಿದ. ನಾನು ಅಗಸಿ ಹಿಂಡಿಯನ್ನು ಹೊಗಳಿದೆ. ಈ ಸಲದ ಸೆಕೆ ವಿಜಯಪುರದ ಬಿಸಿಲಿಗಿಂತ ಕೆಟ್ಟದ್ದೋ ಅಲ್ಲವೋ ಎಂಬ ಚರ್ಚೆ ಹತ್ತಿತು. ಅಲ್ಲಿಯದು ಸುಡುತ್ತದೆ, ಇಲ್ಲಿಯದು ಬೇಯಿಸುತ್ತದೆ ಎಂದು ಅವನು ಭೇದ ತೋರಿಸಿದ, ನಾನು ಮೆಚ್ಚಿಕೊಂಡೆ. ಕೊನೆಗೆ ನಾನು, ಈ ಸಲ ಸ್ವಲ್ಪ ಜಾಸ್ತಿ ಗ್ಯಾಸ್ ಹಾಕಿದರೆ ಹೇಗೆ ಎಂದೆ. ಅವನು ಬರೋಬ್ಬರಿ ಎಂದ.

ಕಾರಿನ ಗಾಜು ಇಳಿಯಿತು. ಸುಮಂಗಲೆ ಮಾತಾಡಿದ್ದು ಹಿಂದಿಯಲ್ಲಿ.

"ರಸೂಲ್ ಭಾಯಿ, ಮೈಂ ಆಪ್ ಕೇ ಗಾಂವ್ ಕೀ ನಹೀಂ ಹೂಂ, ಗ್ರಾಹಕ್ ಹೂಂ. ಕಂಪ್ರೆಸರ್ ಠೀಕ್ ಹೈ ಯಾ ಗಯಾ?"

ನಾನು ನಿಮ್ಮೂರಿನವಳಲ್ಲ, ಗಿರಾಕಿ. ಕಂಪ್ರೆಸರ್ ಇದೆಯೋ ಸತ್ತಿದೆಯೋ. ಅಷ್ಟೇ ಕೇಳಿದಳು. ರಸೂಲ್ ಭಾಯಿ ಚಹಾದ ಗ್ಲಾಸನ್ನು ಬಾನೆಟ್ಟಿನ ಮೇಲಿಟ್ಟ. ಅವನ ಬೆನ್ನು ನೆಟ್ಟಗಾಯಿತು. ಮುಖದ ಬೆಣ್ಣೆಯೆಲ್ಲ ಗಟ್ಟಿಯಾಯಿತು. ಅದು ನಾನು ಮೊದಲ ದಿನ ದೂರದಿಂದ ನೋಡಿದ್ದ, ಗುಜರಾತಿ ಗಿರಾಕಿಗೆ ಗದರಿಸುತ್ತಿದ್ದ ಮುಖ.

"ಗಯಾ, ಮೇಡಂ," ಎಂದ. "ಪೆಹೆಲೇ ದಿನ್ ಸೇ ಗಯಾ." ಮೊದಲ ದಿನದಿಂದಲೇ ಸತ್ತಿದೆ.

ಆಮೇಲೆ ಅವನ ಹಿಂದಿ ನಿಲ್ಲಲಿಲ್ಲ. ಕಂಪ್ರೆಸರಿನ ಮುಂದಿನ ಸೀಲು ಸೋರುತ್ತಿದೆ. ಗ್ಯಾಸು ಸುಮ್ಮನೆ ಹೋಗುವುದಿಲ್ಲ, ಒಳಗಿನ ಎಣ್ಣೆಯನ್ನೂ ಕರೆದುಕೊಂಡು ಹೋಗುತ್ತದೆ. ಎಣ್ಣೆ ಇಲ್ಲದೆ ಕಂಪ್ರೆಸರ್ ತನ್ನನ್ನು ತಾನೇ ಅರೆದುಕೊಳ್ಳುತ್ತಿದೆ, ಆ ಗರಗರ ಅದೇ. ಏಸಿ ಹಾಕಿದಾಗ ನೀಲಿ ಮುಳ್ಳು ಕೆಳಗಿಳಿಯಬೇಕು, ಕೆಂಪು ಮೇಲೇರಬೇಕು; ಇದರಲ್ಲಿ ಎರಡೂ ಅಕ್ಕಪಕ್ಕ ನಿಂತಿರುತ್ತವೆ, ಒತ್ತುವ ಶಕ್ತಿಯೇ ಇಲ್ಲ. ಗಾಡಿ ಓಡುವಾಗ ಇಂಜಿನ್ನಿನ ವೇಗದಲ್ಲಿ ಹೇಗೋ ತಳ್ಳುತ್ತದೆ, ನಿಂತರೆ ಅದೂ ಇಲ್ಲ. ಗ್ಯಾಸ್ ಹಾಕುತ್ತ ಹೋದರೆ ಮಳೆ ಬರುವುದರೊಳಗೆ ಅದು ಜಾಮ್ ಆಗಿ ಬೆಲ್ಟು ಹರಿಯುತ್ತದೆ, ಗಾಡಿ ರಸ್ತೆಯ ನಡುವೆ ನಿಲ್ಲುತ್ತದೆ. ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ, ಬಹಳ ದಿನದಿಂದ ಕಟ್ಟಿಕೊಂಡಿದ್ದ ಮೂತ್ರವನ್ನು ಬಿಟ್ಟವನ ನೆಮ್ಮದಿಯಿಂದ ಹೇಳಿದ.

"ಮತ್ತ ನನಗ್ಯಾಕ ಹೇಳಲಿಲ್ಲ?" ಎಂದು ಕನ್ನಡದಲ್ಲಿ ಕೇಳಿದೆ.

ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವನ ಬೆನ್ನು ಮತ್ತೆ ಬಾಗಿತು.

"ಹೆಂಗ ಹೇಳ್ಲಿರಿ ಸಾಹೇಬ್ರ? ನಮ್ಮವಾ ಅಂತ ನಂಬಿ ಬಂದ್ರಿ. ಬಂದ ದಿನಾನ ದೊಡ್ಡ ಖರ್ಚು ಹೇಳಿದ್ರ, ನಮ್ಮವನ ನಮಗ ಟೊಪ್ಪಿಗಿ ಹಾಕಿದಾ ಅಂತ ಬಿಲ್ಡಿಂಗ್ ತುಂಬ ಹೇಳತಿದ್ರಿ. ಮ್ಯಾಲ ನೀವ ಗ್ಯಾಸ್ ಅಂದ್ರಿ. ನಿಮ್ಮಂಥಾ ಶಾಣ್ಯಾರಿಗೆ ಅಲ್ಲ ಅಂತ ಹೆಂಗ ಅನ್ನೂದು?"

ಅವನನ್ನು ಹಿಗ್ಗಾಮುಗ್ಗಾ ಬೈಯಬೇಕೆಂದಿದ್ದೆ. ಆಗಲಿಲ್ಲ, ಯಾಕೆಂದರೆ ಅವನು ಹೇಳಿದಂತೆಯೇ ನಾನು ಮಾಡುತ್ತಿದ್ದೆ. ಮೊದಲ ದಿನವೇ ಕಂಪ್ರೆಸರ್ ಎಂದಿದ್ದರೆ ಚಹಾ ಮುಗಿಸಿ ನಕ್ಕು ಬಂದು, ಲಿಫ್ಟಿನಲ್ಲಿ ಪಾಟೀಲರ ಕಿವಿ ಹಿಡಿದು, ನಿಮ್ಮ ವಿಜಯಪುರದವ ಭಲೇ ಕಳ್ಳ ಎನ್ನುತ್ತಿದ್ದೆ. ಅವನು ನನ್ನನ್ನು ಅಷ್ಟು ಸರಿಯಾಗಿ ಓದಿದ್ದೇ ನನಗೆ ಅವಮಾನ. ಇಬ್ಬರೂ ನಮ್ಮವರು, ಹಾಗಾಗಿ ಒಬ್ಬರಿಗೊಬ್ಬರು ನಿಜ ಹೇಳುವ ಧೈರ್ಯವಿಲ್ಲ. ಆ ಗುಜರಾತಿಗೆ ಯಾವ ನೆಂಟಸ್ತಿಕೆಯೂ ಇಲ್ಲದೆ ಬೈಗುಳ ಸಿಕ್ಕಿತ್ತು, ಜೊತೆಗೆ ಸರಿಯಾದ ರಿಪೇರಿ. ನಮಗೆ ಈ ಊರಿನ ಹಿಂದಿ ತವರುಮನೆಯ ಭಾಷೆಯಲ್ಲ. ಅದರಲ್ಲಿ ಯಾರೂ ಯಾರ ಅಪ್ಪನನ್ನೂ ವಿಚಾರಿಸಬೇಕಿಲ್ಲ. ಸತ್ತದ್ದನ್ನು ಸತ್ತಿದೆ ಎನ್ನಬಹುದು.

ರಸೂಲ್ ಭಾಯಿಗೆ ಶುಕ್ರವಾರ ರಜೆ, ಭಾನುವಾರ ಕೆಲಸ. ಭಾನುವಾರ ಬೆಳಿಗ್ಗೆಯೇ ನಾನು ಕಾರು ಒಯ್ದೆ. ಒಮ್ಮೆ ಬಾಯಿ ಕಟ್ಟು ಬಿಚ್ಚಿದ ಮೇಲೆ ಆ ಮನುಷ್ಯ ಸಹಿಸಲಾಗದವನಾದ. ರಿಪೇರಿ ಮಾಡಿದ ಹಳೆಯ ಕಂಪ್ರೆಸರ್ ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗುತ್ತದೆ, ಇನ್ನೊಂದು ಸಲ ವೈನಿಯವರನ್ನು ಬಿಸಿಲಲ್ಲಿ ಕೂರಿಸುವ ಆಸೆಯಿದ್ದರೆ ತಗೊಳ್ಳಿ ಎಂದ. ಮನೆಗೆ ಫೋನು ಮಾಡಿದೆ. ಸುಮಂಗಲೆ ಹೊಸದು ಎಂದು ಹೇಳಿ ಇಟ್ಟಳು. ನಾನು ಬಾನೆಟ್ಟಿನ ಬಳಿ ಹೋದಾಗಲೆಲ್ಲ ಅವನು ಕುರ್ಚಿ ತೋರಿಸಿ, ನಿಮ್ಮ ವಿಡಿಯೋದ ಪೋಲೆಂಡಿನವನ ಜೊತೆ ಕೂತಿರಿ ಎನ್ನುತ್ತಿದ್ದ.

ಉಳಿದಿದ್ದ ಗ್ಯಾಸು ತೆಗೆದು, ಬೆಲ್ಟು ಬಿಡಿಸಿ, ಹಳೆಯ ಕಂಪ್ರೆಸರನ್ನು ಇಳಿಸಿದರು. ಅದನ್ನು ಬಗ್ಗಿಸಿ ಎಣ್ಣೆಯನ್ನು ತಟ್ಟೆಗೆ ಸುರಿದಾಗ ಒಂದು ಚಮಚೆಯಷ್ಟೂ ಬೀಳಲಿಲ್ಲ. ಬಿದ್ದದ್ದು ಕಪ್ಪಗಿತ್ತು, ಅದರಲ್ಲಿ ಸಣ್ಣ ಚಮಕಿ ಹೊಳೆಯುತ್ತಿತ್ತು. ಸವೆದ ಲೋಹದ ಪುಡಿ. ಇದು ಪೈಪು ಪೂರ್ತಿ ಹರಡಿರುತ್ತದೆ, ಹಾಗೇ ಬಿಟ್ಟರೆ ಹೊಸ ಕಂಪ್ರೆಸರನ್ನೂ ಇದೇ ತಿನ್ನುತ್ತದೆ ಎಂದು ಪೈಪುಗಳನ್ನು ದ್ರಾವಣದಲ್ಲಿ ತೊಳೆಸಿದ. ಮುಂದಿನ ಜಾಲರಿಯನ್ನು ತೊಳೆದರೆ ಪ್ರಯೋಜನವಿಲ್ಲ, ಅದರ ದಾರಿಗಳು ಕೂದಲಿನಷ್ಟು ಸಣ್ಣ ಎಂದು ಅದನ್ನೂ, ತೇವ ಹೀರುವ ಡಬ್ಬಿಯನ್ನೂ ಬದಲಿಸಿದ. ಹೊಸ ಕಂಪ್ರೆಸರಿಗೆ ಎಣ್ಣೆ ಅಳೆದು ಹಾಕಿದ. ಆಮೇಲೆ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವ ಪಂಪು ಹಚ್ಚಿ, ಅದನ್ನು ನಿಲ್ಲಿಸಿ, ಮುಳ್ಳು ಕದಲುತ್ತದೆಯೇ ಎಂದು ಕಾದ. ಎಲ್ಲಾದರೂ ಸೋರಿದರೆ ಮುಳ್ಳು ಏರುತ್ತದೆ. ನಾವು ಮೂವರು ನಾಲ್ವರು ಗಂಡಸರು ಒಂದು ಮುಳ್ಳಿನ ಮುಂದೆ ಉಸಿರು ಹಿಡಿದು ನಿಂತೆವು. ಅದು ಕದಲಲಿಲ್ಲ. ಆಗ ಮಾತ್ರ ಅವನು ಗ್ಯಾಸ್ ಹಾಕಿದ, ತೂಕ ಮಾಡಿ. ಆ ದಿನ ಪೂರ್ತಿ ಜೋಳದ ಸುದ್ದಿ ಬರಲಿಲ್ಲ.

ನಿಂತ ಗಾಡಿಯಲ್ಲಿ ಏಸಿ ಹಾಕಿಸಿದಾಗ ಒಂದು ಮುಳ್ಳು ಕೆಳಗಿಳಿಯಿತು, ಇನ್ನೊಂದು ಮೇಲೇರಿತು. ಕಿಂಡಿಯ ಮುಂದೆ ಕೈ ಹಿಡಿದೆ. ತಂಪು ಮೊಣಕೈಯವರೆಗೆ ಬಂತು. ನಾನು ತಕ್ಷಣ ರೇಡಿಯೇಟರಿನ ಫ್ಯಾನಿನ ಬಗ್ಗೆ ಚಿಂತೆ ಮಾಡತೊಡಗಿದೆ.

ಸೋಮವಾರ ಕಲಾನಗರದಲ್ಲಿ ನಿಂತೆವು, ಅಂಧೇರಿಯಲ್ಲಿ ನಿಂತೆವು, ಗೋರೆಗಾಂವಿನಲ್ಲಿ ಯಾರದೋ ಮೆರವಣಿಗೆಗೆ ನಿಂತೆವು. ಸುಮಂಗಲೆ ಶಾಲು ಹೊದ್ದುಕೊಂಡಳು. ಗೇಟಿನಲ್ಲಿ ಅವಳು ಇಳಿದಳು, ಎರಡೂ ಕಾಲಿನಿಂದ. ವಾಚ್‌ಮನ್ ಮತ್ತೆ ಆ ಕುರ್ಚಿ ತರಲು ಓಡಿದ್ದ. ಅವನು ತಂದಿಟ್ಟ ಕುರ್ಚಿಗೆ ಸುತ್ತು ಹಾಕಿ ಅವಳು ಒಳಗೆ ನಡೆದಳು. ನಡಿಗೆ ಸುಂದರವಾಗಿತ್ತು ಎನ್ನಲಾರೆ. ಆದರೆ ಅದು ಅವಳ ನಡಿಗೆ.

ಸಂಜೆ ಅವಳು ಕಾರು ಹತ್ತಿದಳು, ಹೈವೇ ಮುಟ್ಟಿದೆವು. ಆಮೇಲೆ ಹೇಳಿದಳು. ಸಭೆ ಮುಗಿದ ಮೇಲೆ ಮ್ಯಾನೇಜರನ ಕೋಣೆಗೆ ಹೋಗಿದ್ದಳಂತೆ. ಅವನು ಆರೋಗ್ಯ ವಿಚಾರಿಸಲು ಬಾಯಿ ತೆರೆಯುವ ಮೊದಲೇ, ನನ್ನನ್ನು ತೆಗೆಯುತ್ತಿದ್ದೀರೋ ಇಲ್ಲವೋ ಎಂದು ಕೇಳಿದಳಂತೆ. ಅವನು ಮೊದಲು ನೀರಿನ ಗ್ಲಾಸಿಗೆ ಕೈ ಹಾಕಿದ. ಅವಳು ಬೇಡ ಎಂದಳು. ಆಗ ಅವನು ಕುರ್ಚಿಯಲ್ಲಿ ಹಿಂದೆ ಒರಗಿ, ಹೌದು, ವಿಭಾಗ ರೋಹಿಣಿಗೆ ಕೊಡಬೇಕೆಂದು ಮೇಲಿನವರಿಗೆ ತಿಳಿಸಿಯಾಗಿದೆ, ಬೆಳಿಗ್ಗೆ ನೀವು ಸಿಗುವುದಿಲ್ಲ ಎಂಬುದು ಬಿಟ್ಟರೆ ನಿಮ್ಮ ಕೆಲಸದ ಮೇಲೆ ದೂರಿಲ್ಲ ಎಂದನಂತೆ. ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿರಲಿಲ್ಲ. ಹಾಗಾದರೆ ಮಳೆ ಹಿಡಿಯುವವರೆಗೆ ದಿನಾ ಒಂಬತ್ತೂವರೆಗೆ ನಾನು ಸಭೆಯಲ್ಲಿರುತ್ತೇನೆ, ಒಂದು ದಿನ ತಪ್ಪಿದರೆ ನಾನೇ ಬಿಡುತ್ತೇನೆ ಎಂದಳಂತೆ. ಅವನು ಒಪ್ಪಿದ. ಒಪ್ಪದೆ ಇರಲು ಅವನಿಗೆ ಬೇರೆ ಕಾರಣ ಉಳಿದಿರಲಿಲ್ಲ.

ಆ ವರ್ಷ ಮಳೆ ನಮ್ಮನ್ನು ಚೆನ್ನಾಗಿಯೇ ಕಾಯಿಸಿತು. ಅಷ್ಟೂ ದಿನ ಅವಳು ಹೇಳಿದ ವೇಳೆಗೆ ಹೇಳಿದ ಜಾಗದಲ್ಲಿದ್ದಳು. ವಿಭಾಗ ಅವಳದೇ ಉಳಿಯಿತು. ರೋಹಿಣಿ ಬೇರೆ ಶಾಖೆಗೆ ಮುಖ್ಯಸ್ಥೆಯಾಗಿ ಹೋದಳು. ಆದರೆ ನನಗೆ ಆ ಬೇಸಿಗೆ ಮುಗಿದದ್ದು ಆ ಸೋಮವಾರ ಸಂಜೆಯೇ.

ವಾಕೋಲಾದ ಹತ್ತಿರ ವಾಹನಗಳೆಲ್ಲ ಮತ್ತೆ ನಿಂತಿದ್ದವು. ಅವಳು ಚಪ್ಪಲಿ ಬಿಟ್ಟು ಕಾಲನ್ನು ಕೆಳಗಿನ ಕಿಂಡಿಯ ತಂಪಿಗೆ ಚಾಚಿದ್ದಳು. ನನ್ನ ಕಡೆ ನೋಡದೆ ಕೇಳಿದಳು.

"ದಿನಾ ಎರಡ ಸಲ ಹೋಗಿ ಬರೂದು. ನಿನಗ ಸಾಕಾಗೇತಿ, ಹೌದಲ್ಲ?"

ಛೇ, ಹಾಗೇನಿಲ್ಲ. ಅದೇನು ನಿನಗಿಂತ ಹೆಚ್ಚೇ. ಮನೆಯಲ್ಲಿ ಕೂತು ನಾನೇನು ಮಾಡಲಿ. ನಾಲಿಗೆಯ ತುದಿಗೆ ಇಂಥವು ಸಾಲುಗಟ್ಟಿ ಬಂದು ನಿಂತವು, ಒಂದಕ್ಕಿಂತ ಒಂದು ಒಳ್ಳೆಯ ಕನ್ನಡದಲ್ಲಿ.

"ಹೌದು," ಎಂದೆ. "ಭಾಳ ಸಾಕಾಗೇತಿ."

ಅವಳು ತಲೆಯಾಡಿಸಿದಳು. ಬೇಸರವಾದಂತೆ ಕಾಣಲಿಲ್ಲ. "ಬೆಳಿಗ್ಗೆ ನೀ ಬಿಡು. ಸಂಜೀಕ ಆಫೀಸಿನ ಗಾಡಿ ಕೊಡ್ರಿ ಅಂತ ಮ್ಯಾನೇಜರನ್ನ ಕೇಳತೀನಿ. ಇವತ್ತ ಒಂದ ಸಲ ಖರೇ ಹೇಳ್ಯಾನ, ರೂಢಿ ಆಗ್ಲಿ."

ಮುಂದಿನ ಬಸ್ಸು ಕದಲಲಿಲ್ಲ. ಅವಳು ಗುಂಡಿ ತಿರುಗಿಸಿ ತನ್ನ ಕಡೆಯ ಒಂದು ಕಿಂಡಿಯನ್ನು ನನ್ನತ್ತ ಹೊರಳಿಸಿದಳು, ಮತ್ತೆ ಶಾಲು ಎಳೆದುಕೊಂಡು ಕಣ್ಣು ಮುಚ್ಚಿದಳು.